ಅಡುಗೆ ಕಟ್ಟೆಗೆ ಯಾವ ಕಲ್ಲು? ನೋಡಲು ಹೋಗುವಾಗ ಚೀಲದಲ್ಲಿ ಒಂದು ನಿಂಬೆಹಣ್ಣು ಇರಲಿ

ಕಲ್ಲು ನೋಡಲು ಹೊರಡುವ ದಿನ ಚೀಲಕ್ಕೆ ಐದು ಸಾಮಾನು ಹಾಕಿಕೊಳ್ಳಿ: ಒಂದು ನಿಂಬೆಹಣ್ಣು, ಸಣ್ಣ ಬಾಟಲಿಯಲ್ಲಿ ನೀರು, ಹಳೆಯ ಬಿಳಿ ಬಟ್ಟೆಯ ತುಂಡು, ಉಗುರುಬಣ್ಣ ಅಳಿಸುವ ಅಸಿಟೋನ್ ಮತ್ತು ಅಳತೆಯ ಟೇಪು. ಅಂಗಡಿಯ ದೀಪದ ಕೆಳಗೆ ಎಲ್ಲ ಕಲ್ಲುಗಳೂ ಚೆಂದವೇ. ಅವುಗಳ ನಿಜವಾದ ಗುಣ ತಿಳಿಯುವುದು ಹುಳಿ, ಎಣ್ಣೆ, ಬಿಸಿ ಪಾತ್ರೆ ಅವುಗಳ ಮೇಲೆ ಬಿದ್ದಾಗ. ಅದನ್ನು ಕೊಂಡ ಮೇಲೆ ತಿಳಿದುಕೊಳ್ಳುವುದಕ್ಕಿಂತ ಕೊಳ್ಳುವ ಮೊದಲೇ ತಿಳಿದುಕೊಳ್ಳುವುದು ಕಷ್ಟವೇನಲ್ಲ.

ನಾನು ಬೆಳೆದ ಮನೆಯ ಅಡುಗೆ ಕಟ್ಟೆ ಕಡಪ ಕಲ್ಲಿನದು. ಹೊಸದರಲ್ಲಿ ಕಪ್ಪಗೆ ಹೊಳೆಯುತ್ತಿತ್ತಂತೆ. ನನಗೆ ನೆನಪಿರುವುದು ಮಾತ್ರ ಒಲೆಯ ಎಡಗಡೆ, ಅಮ್ಮ ನಿಂಬೆಹಣ್ಣು ಹೆಚ್ಚುತ್ತಿದ್ದ ಜಾಗದಲ್ಲಿದ್ದ ಬೂದು ಬಣ್ಣದ ಮಚ್ಚೆಗಳು. ಕೆಲವು ಮಚ್ಚೆಗಳಿಗೆ ಲೋಟದ ತಳದ ಗುಂಡನೆಯ ಆಕಾರ. ಎಷ್ಟು ಉಜ್ಜಿದರೂ ಅವು ಹೋಗಲಿಲ್ಲ. ಅಮ್ಮ ಅದನ್ನು ಕೊಳೆಯೆಂದು ತಿಳಿದು ವರ್ಷಗಟ್ಟಲೆ ಉಜ್ಜಿದರು. ಅದು ಕೊಳೆಯಾಗಿರಲಿಲ್ಲ, ಹುಳಿ ಕಲ್ಲನ್ನೇ ತಿಂದ ಗುರುತಾಗಿತ್ತು. ನಾನು ಮನೆ ಕಟ್ಟಿಸುವಾಗ ಮೊದಲು ಕಲಿತ ಪಾಠವೇ ಅದು.

ಹಳಬರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಉಪ್ಪಿನಕಾಯಿ, ಹುಳಿ, ಗೊಜ್ಜು ಇಡಲು ಬಳಪದ ಕಲ್ಲಿನ ಮರಿಗೆಯನ್ನೇ ಬಳಸುತ್ತಿದ್ದರು. ಆ ಕಲ್ಲು ಉಗುರಿನಿಂದ ಗೀರುವಷ್ಟು ಮೆತ್ತಗಿದ್ದರೂ ಹುಳಿಗೆ ಜಗ್ಗುವುದಿಲ್ಲ. ಗಟ್ಟಿತನ ಬೇರೆ, ಹುಳಿ ತಡೆಯುವ ಗುಣ ಬೇರೆ, ಬಿಸಿ ತಾಳುವ ಗುಣ ಬೇರೆ. ಕಲ್ಲು ಆರಿಸುವಾಗ ಈ ಮೂರನ್ನೂ ಬಿಡಿಬಿಡಿಯಾಗಿ ಕೇಳಬೇಕು.

ಮೊದಲು ನಿಮ್ಮ ಅಡುಗೆಯನ್ನು ಗಮನಿಸಿ

ಅಂಗಡಿಗೆ ಹೋಗುವ ಮೊದಲು ಒಂದು ವಾರ ನಿಮ್ಮ ಈಗಿನ ಅಡುಗೆಮನೆಯನ್ನೇ ನೋಡಿ. ಒಲೆಯಿಂದ ಇಳಿಸಿದ ಕುಕ್ಕರ್ ಎಲ್ಲಿ ಕೂರುತ್ತದೆ? ಕರಿದ ಬಾಣಲೆಯನ್ನು ನೇರವಾಗಿ ಕಟ್ಟೆಯ ಮೇಲೆ ಇಡುವ ಅಭ್ಯಾಸವಿದೆಯೇ? ಶುಂಠಿ, ಬೆಳ್ಳುಳ್ಳಿ ಜಜ್ಜುವುದು ಎಲ್ಲಿ? ಚಪಾತಿಯನ್ನು ಕಟ್ಟೆಯ ಮೇಲೆಯೇ ಲಟ್ಟಿಸುತ್ತೀರೋ ಮಣೆಯ ಮೇಲೋ? ತೆಂಗಿನಕಾಯಿಯನ್ನು ಕಟ್ಟೆಯ ಅಂಚಿಗೆ ಹೊಡೆದು ಒಡೆಯುವವರು ಮನೆಯಲ್ಲಿದ್ದಾರೆಯೇ? ಇದ್ದರೆ ಆ ಅಭ್ಯಾಸ ಬಿಡಿಸುವುದು ಸುಲಭವಲ್ಲ, ಅಂಚನ್ನು ದಪ್ಪ ಮಾಡಿಸುವುದೇ ಸುಲಭ.

ನೀರನ್ನೂ ನೋಡಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ನಲ್ಲಿಯ ಸುತ್ತ ಬಿಳಿ ಪುಡಿಯಂಥ ಉಪ್ಪು ಕಟ್ಟುತ್ತದೆ. ಕಪ್ಪು ಕಲ್ಲಿನ ಮೇಲೆ ಅದು ಎದ್ದು ಕಾಣುತ್ತದೆ. ಬೂದು, ಕಂದು ಅಥವಾ ಚುಕ್ಕೆಚುಕ್ಕೆಯ ಕಲ್ಲಿನ ಮೇಲೆ ಕಣ್ಣಿಗೇ ಬೀಳುವುದಿಲ್ಲ. ನದಿ ನೀರು ಬರುವ ಮನೆಗೆ ಒಪ್ಪುವ ಬಣ್ಣ ಬೋರ್‌ವೆಲ್ ಮನೆಗೆ ಒಪ್ಪಲಾರದು.

ಎತ್ತರವನ್ನೂ ಈಗಲೇ ನಿರ್ಧರಿಸಬೇಕು, ಏಕೆಂದರೆ ಕೆಳಗಿನ ಗೋಡೆ ಕಟ್ಟಿದ ಮೇಲೆ ಅದು ಮುಗಿದ ಮಾತು. ಹೆಚ್ಚು ಹೊತ್ತು ಅಡುಗೆ ಮಾಡುವವರು ಚಪ್ಪಲಿಯಿಲ್ಲದೆ ನೇರವಾಗಿ ನಿಂತು ಮೊಣಕೈ ಮಡಚಲಿ. ಮೊಣಕೈಯಿಂದ 4ರಿಂದ 6 ಅಂಗುಲ ಕೆಳಗೆ ಕಟ್ಟೆಯ ಮೇಲ್ಮೈ ಬರಬೇಕು. ಐದು ಅಡಿ ಎತ್ತರದವರಿಗೆ ಇದು 32, 33 ಅಂಗುಲದ ಹತ್ತಿರ ಬರುತ್ತದೆ. ಮೇಸ್ತ್ರಿಗಳು ರೂಢಿಯಂತೆ 34 ಅಥವಾ 36 ಎಂದುಬಿಡುತ್ತಾರೆ. ಒಲೆಯ ಎತ್ತರ ಅದರ ಮೇಲೆ, ಒಲೆಯ ಮೇಲೆ ಪಾತ್ರೆ. ಕೊನೆಗೆ ಗಿಡ್ಡಗಿರುವವರು ದಿನವೂ ಭುಜ ಎತ್ತಿಕೊಂಡೇ ಹುಳಿ ಕದಡಬೇಕಾಗುತ್ತದೆ. ನೆಲದ ಟೈಲ್ಸ್ ಇನ್ನೂ ಹಾಕಿಲ್ಲದಿದ್ದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿ. ಟೈಲ್ಸ್ ಮತ್ತು ಗಾರೆ ಸೇರಿ ಒಂದೂವರೆ, ಎರಡು ಅಂಗುಲ ನುಂಗುತ್ತವೆ.

ಯಾವ ಕಲ್ಲಿಗೆ ಯಾವ ಗುಣ

ನಮ್ಮ ಅಡುಗೆಗೆ ಗ್ರಾನೈಟ್ ಸರಿ ಎಂಬುದು ನನ್ನ ನಿಲುವು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವವರಿಗೆ ನಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆಂದು ತಿಳಿದಿರಲಿ. ಭೂಮಿಯ ಒಳಗಿನ ಕಾವಿನಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ತಣಿದು ಗಟ್ಟಿಯಾದದ್ದು ಗ್ರಾನೈಟ್. ಒಲೆಯಿಂದ ಇಳಿಸಿದ ಬಾಣಲೆ ಅದಕ್ಕೆ ಲೆಕ್ಕವೇ ಅಲ್ಲ. ಒಂದರಿಂದ ಹತ್ತರವರೆಗಿನ ಮೋಸ್ ಗಡಸುತನದ ಅಳತೆಯಲ್ಲಿ 6ರಿಂದ 7. ಅಡುಗೆಯ ಚಾಕುವಿನ ಉಕ್ಕು ಇದಕ್ಕಿಂತ ಕಡಿಮೆ ಗಟ್ಟಿ, ಹಾಗಾಗಿ ಕಲ್ಲಿನ ಮೇಲೆ ಹೆಚ್ಚಿದರೆ ಮೊಂಡಾಗುವುದು ಚಾಕು. ನಿಂಬೆ, ಹುಣಸೆ, ಮೊಸರು ಯಾವುದೂ ಅದರ ಹೊಳಪನ್ನು ಕೆಡಿಸುವುದಿಲ್ಲ.

ಕರ್ನಾಟಕದಲ್ಲಿ ಇರುವವರಿಗೆ ಇದು ಮನೆಯಂಗಳದ ಕಲ್ಲೂ ಹೌದು. ಚಾಮರಾಜನಗರದ ಕಪ್ಪು ಕಲ್ಲು ಹೊರದೇಶಗಳಲ್ಲೂ ಹೆಸರು ಮಾಡಿದೆ. ಭೂವಿಜ್ಞಾನದ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಡಾಲರೈಟ್ ಎಂಬ ಶಿಲೆ. ಆದರೆ ವ್ಯಾಪಾರದಲ್ಲಿ ಎಲ್ಲರೂ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ಕಣಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ನೀರು, ಎಣ್ಣೆ ಒಳಗಿಳಿಯಲು ದಾರಿಯೇ ಇಲ್ಲ. ಇಳಕಲ್ಲಿನ ಕೆಂಪು ಕಲ್ಲು ಅಲ್ಲಿನ ಸೀರೆಯಷ್ಟೇ ಸೊಗಸು, ಅರಿಶಿನದ ಕಲೆ, ಮಸಾಲೆಯ ಕಲೆ ಅದರ ಬಣ್ಣದಲ್ಲೇ ಕರಗಿಹೋಗುತ್ತವೆ.

ಹೆಸರುಗಳನ್ನು ಮಾತ್ರ ನಂಬಬೇಡಿ. ಕಾಶ್ಮೀರ್ ವೈಟ್ ಎಂಬ ಕಲ್ಲು ತಮಿಳುನಾಡಿನದು, ಕಾಶ್ಮೀರಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿನ್ನದ ಚುಕ್ಕೆಗಳ ಬ್ಲ್ಯಾಕ್ ಗ್ಯಾಲಕ್ಸಿ ಬರುವುದು ಆಂಧ್ರದ ಚೀಮಕುರ್ತಿಯಿಂದ, ಟ್ಯಾನ್ ಬ್ರೌನ್ ತೆಲಂಗಾಣದ ಕರೀಂನಗರದ ಕಡೆಯಿಂದ. ತಿಳಿಬಣ್ಣದ ಗ್ರಾನೈಟುಗಳು ಸಾಮಾನ್ಯವಾಗಿ ಕಪ್ಪಿಗಿಂತ ಹೆಚ್ಚು ನೀರು ಹೀರುತ್ತವೆ. ಅವುಗಳ ಮೇಲೆ ಕರಿದ ಎಣ್ಣೆ ಚೆಲ್ಲಿ ರಾತ್ರಿಯೆಲ್ಲ ಬಿಟ್ಟರೆ ಬೆಳಗ್ಗೆ ಒಂದು ಗಾಢವಾದ ಮಚ್ಚೆ ಕಾಯುತ್ತಿರುತ್ತದೆ. ತಿಳಿಬಣ್ಣವೇ ಬೇಕೆಂದರೆ ಬೇಡ ಎನ್ನಲಾರೆ, ಕತ್ತಲೆಯ ಅಡುಗೆಮನೆಗೆ ಅದು ಬೆಳಕು ತರುತ್ತದೆ. ಆದರೆ ಕಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚುವ ಸೀಲರ್ ಎಂಬ ದ್ರವ ಹಚ್ಚಿಸಬೇಕು, ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಹಚ್ಚಬೇಕು.

ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಅಮೃತಶಿಲೆಯೂ ಅದೇ ವಂಶ, ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಅದೇ. ಎಲ್ಲದರಲ್ಲೂ ಇರುವುದು ಮುಖ್ಯವಾಗಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ. ಗಡಸುತನ 3ರ ಆಸುಪಾಸು, ಹುಳಿ ತಾಗಿದರೆ ಮೇಲ್ಮೈ ಕರಗುತ್ತದೆ. ಹಾಗೆಂದು ಕಡಪ ಕೆಟ್ಟ ಕಲ್ಲಲ್ಲ. ಅಗ್ಗ, ಬಲವಾದದ್ದು, ಕೆಳಗಿನ ಅರೆಗಳಿಗೆ, ಮೇಲಿನ ಗ್ರಾನೈಟಿಗೆ ಆಧಾರವಾಗಿ ಹಾಸಲು, ಹಿತ್ತಲಿನಲ್ಲಿ ಪಾತ್ರೆ ತೊಳೆಯುವ ಕಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಲೆಯ ಪಕ್ಕಕ್ಕೆ ಮಾತ್ರ ಬೇಡ. ಅಮೃತಶಿಲೆಯ ಅಡುಗೆ ಕಟ್ಟೆ ಚಿತ್ರಗಳಲ್ಲಿ ಮನಸೆಳೆಯುತ್ತದೆ. ದಿನವೂ ಹುಣಸೆಹುಳಿ ಹಿಂಡುವ, ಚಿತ್ರಾನ್ನಕ್ಕೆ ನಿಂಬೆ ಹಿಂಡುವ ಮನೆಗೆ ಅದು ಒಂದೇ ತಿಂಗಳ ಸಂತೋಷ.

ಈಗ ಎಲ್ಲರೂ ಕೇಳುವ ಕ್ವಾರ್ಟ್ಜ್‌ಗೆ ಬರೋಣ. ಕ್ವಾರ್ಟ್ಜ್ ಎಂದರೆ ನಮ್ಮ ಬೆಣಚುಕಲ್ಲು. ಆದರೆ ಅಂಗಡಿಯ ಕ್ವಾರ್ಟ್ಜ್ ಹಲಗೆ ಗಣಿಯಿಂದ ಹಾಗೇ ಬಂದದ್ದಲ್ಲ. ಬೆಣಚುಕಲ್ಲಿನ ಪುಡಿ ಮತ್ತು ಹರಳನ್ನು ಶೇಕಡ 90ರ ಸುಮಾರು ತೆಗೆದುಕೊಂಡು, ಉಳಿದ ಪಾಲು ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ಅಂಟು ಮತ್ತು ಬಣ್ಣ ಸೇರಿಸಿ ಒತ್ತಿ ತಯಾರಿಸಿದ್ದು. ಅದು ನೀರು ಹೀರುವುದಿಲ್ಲ, ಸೀಲರ್ ಬೇಡ, ಬಣ್ಣ ಒಂದೇ ಸಮ, ನಿಂಬೆಗೂ ಜಗ್ಗುವುದಿಲ್ಲ. ಅದರ ಬಲಹೀನತೆ ಇರುವುದು ರೆಸಿನ್‌ನಲ್ಲಿ. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ರೆಸಿನ್ ಕಂದುತ್ತದೆ, ಒಮ್ಮೊಮ್ಮೆ ಹಲಗೆಯೇ ಬಿರುಕು ಬಿಡುತ್ತದೆ. ನಾವು ಬಜ್ಜಿ, ಚಕ್ಕುಲಿ ಕರಿಯುವ ಎಣ್ಣೆಯ ಕಾವು 170ರಿಂದ 190 ಡಿಗ್ರಿ. ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಪಕ್ಕಕ್ಕಿಡುವ ಒಂದು ಗಳಿಗೆ ಸಾಕು. ಬಿದ್ದ ಸುಟ್ಟ ಕಲೆಯನ್ನು ಪೂರ್ತಿ ತೆಗೆಯುವ ಉಪಾಯವಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಬಿಸಿ ಪಾತ್ರೆಯ ಕೆಳಗೆ ಮರದ ಮಣೆ ಇಡುವವರಾದರೆ ಕ್ವಾರ್ಟ್ಜ್ ಚೆನ್ನಾಗಿ ಬಾಳುತ್ತದೆ. ಹಬ್ಬದ ದಿನ ನಾಲ್ಕು ಜನ ಒಟ್ಟಿಗೆ ಅಡುಗೆ ಮಾಡುವ ಮನೆಯಲ್ಲಿ ಆ ಶಿಸ್ತು ನಿಲ್ಲುವುದು ನನಗೆ ಅನುಮಾನ. ಕಿಟಕಿಯ ನೇರ ಬಿಸಿಲು ಬೀಳುವ ಕಡೆ ಬಿಳಿ ಕ್ವಾರ್ಟ್ಜ್ ವರ್ಷಗಳು ಕಳೆದಂತೆ ಹಳದಿಯಾಗುವುದೂ ಉಂಟು.

ಸಿಂಟರ್ಡ್ ಹಲಗೆ ಎಂಬ ಹೊಸ ಸರಕು ಬಿಸಿಯನ್ನೂ ಹುಳಿಯನ್ನೂ ಬಿಸಿಲನ್ನೂ ತಾಳುತ್ತದೆ. ಮಣ್ಣು, ಖನಿಜದ ಪುಡಿಯನ್ನು ಒತ್ತಿ, 1200 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು ತಯಾರಿಸಿದ್ದು. ಆದರೆ ಅಂಚಿಗೆ ಏಟು ಬಿದ್ದರೆ ಚಕ್ಕೆ ಏಳುತ್ತದೆ, ಕತ್ತರಿಸಲು ಪಳಗಿದ ಕೈ ಬೇಕು. ಹಲವು ಹಲಗೆಗಳಲ್ಲಿ ಮೇಲಿನ ಚಿತ್ತಾರ ಒಳಗಿನವರೆಗೆ ಇರುವುದಿಲ್ಲವಾದ್ದರಿಂದ ಕತ್ತರಿಸಿದ ಅಂಚು ಬೇರೆಯದೇ ಬಣ್ಣ ತೋರಿಸುತ್ತದೆ. ಈ ಕೆಲಸ ಮಾಡಿ ಗೊತ್ತಿರುವವರು ನಿಮ್ಮ ಊರಿನಲ್ಲಿದ್ದರೆ ಮಾತ್ರ ಇದರ ಯೋಚನೆ ಮಾಡಿ.

ನ್ಯಾನೋ ವೈಟ್ ಗಾಜಿನ ಪುಡಿಯಿಂದ ಮಾಡಿದ ಅಚ್ಚ ಬಿಳಿ ಹಲಗೆ. ದೇವರ ಮನೆಗೆ ಚೆಂದ, ಕುಟ್ಟುವ ಜಜ್ಜುವ ಅಡುಗೆಮನೆಗೆ ಅಲ್ಲ. ಅಕ್ರಿಲಿಕ್‌ನ ಸಾಲಿಡ್ ಸರ್ಫೇಸ್ ಹಲಗೆಗಳಲ್ಲಿ ಜೋಡಣೆಯ ಗೆರೆ ಕಾಣುವುದಿಲ್ಲ, ಗೀರು ಬಿದ್ದರೆ ಉಜ್ಜಿ ತೆಗೆಯಬಹುದು, ಆದರೆ ಬಿಸಿ ಎಂದರೆ ಅದಕ್ಕೆ ಕ್ವಾರ್ಟ್ಜ್‌ಗಿಂತ ಹೆಚ್ಚು ಭಯ. ಹೋಟೆಲಿನವರು ಬಳಸುವ 304 ದರ್ಜೆಯ ಸ್ಟೀಲ್ ಮನೆಗೂ ಆಗುತ್ತದೆ, ಗೀರುಗಳು ಮತ್ತು ಪಾತ್ರೆಯ ಸದ್ದು ನಿಮಗೆ ಅಡ್ಡಿಯಿಲ್ಲದಿದ್ದರೆ.

ಕಲ್ಲಿನ ಅಂಗಳದಲ್ಲಿ

ಬೆಂಗಳೂರಿನ ಸುತ್ತ ಇರುವವರಿಗೆ ಆನೇಕಲ್ ತಾಲ್ಲೂಕಿನ ಜಿಗಣಿ, ಉತ್ತರದವರಿಗೆ ಇಳಕಲ್, ಹೀಗೆ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಗಳಿರುವ ಊರಿಗೇ ಹೋಗುವುದು ಒಳ್ಳೆಯದು. ಬೆಲೆಗಿಂತ ಆಯ್ಕೆಗಾಗಿ. ಅಂಗೈ ಅಗಲದ ಮಾದರಿ ನೋಡಿ ಕಲ್ಲು ಗೊತ್ತು ಮಾಡಬೇಡಿ. ಒಂದೇ ಗಣಿಯ ಎರಡು ಕಲ್ಲುಗಳಲ್ಲೇ ಬಣ್ಣ ಬೇರೆಯಾಗುತ್ತದೆ. ನಿಮ್ಮ ಮನೆಗೆ ಬರುವ ಹಲಗೆಗಳನ್ನೇ ನೋಡಿ, ಅವುಗಳ ಮೇಲೆ ನಿಮ್ಮ ಹೆಸರು ಬರೆಸಿ, ಫೋಟೋ ತೆಗೆದುಕೊಳ್ಳಿ.

ಹಲಗೆಯನ್ನು ಬಿಸಿಲಿಗೆ ಎಳೆಸಿ ನೋಡುವುದು ಮೊದಲ ಕೆಲಸ. ಮೇಲ್ಮೈಗೆ ಕಣ್ಣನ್ನು ಸಮವಾಗಿ ತಂದು ಓರೆಯಾಗಿ ನೋಡಿದರೆ ಸರಿಯಾಗಿ ಪಾಲಿಶ್ ಆಗದ ಜಾಗ, ಗೀರು, ಕೂದಲೆಳೆಯ ಬಿರುಕು ಎಲ್ಲ ಕಾಣುತ್ತವೆ. ಆಮೇಲೆ ನಾಣ್ಯದಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ. ಒಳಗೆ ಒಡಕಿದ್ದರೆ ಒಡೆದ ಮಡಕೆಯ ಹಾಗೆ ಬೊದ್ ಎಂಬ ಸದ್ದು. ತರಕಾರಿ ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ಕೇಳುವ ಕಿವಿಗೆ ಇದು ಹೊಸದಲ್ಲ. ಹಿಂಬದಿಯನ್ನೂ ತಿರುಗಿಸಿ ನೋಡಿ. ನೈಲಾನ್ ಬಲೆಯಂಥದ್ದು ಅಂಟಿಸಿದ್ದರೆ ಆ ಕಲ್ಲು ಸುಲಭವಾಗಿ ಒಡೆಯುವ ಜಾತಿಯದೇ ಎಂದು ಕೇಳಿಕೊಳ್ಳಿ.

ನಂತರ ನೀರು. ಕೆಲವು ಹನಿ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಕೆಳಗೆ ಕಲ್ಲು ಕಪ್ಪಾಗಿದ್ದರೆ ಅದು ಹೀರುವ ಕಲ್ಲು, ಎಣ್ಣೆಯನ್ನೂ ಹಾಗೆಯೇ ಹೀರುತ್ತದೆ. ಕಪ್ಪು ಕಲ್ಲಾದರೆ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಆ ಬಣ್ಣ ಕಲ್ಲಿನದಲ್ಲ, ಬೂದು ಕಲ್ಲಿಗೆ ಹಚ್ಚಿದ್ದು. ಒಂದೆರಡು ವರ್ಷದಲ್ಲಿ ಒರೆಸಿ ಒರೆಸಿ ಆ ಕಪ್ಪು ಹೋಗಿ, ಒಲೆಯ ಮುಂದಿನ ಭಾಗ ಮಾಸಲಾಗಿ ಉಳಿಯುತ್ತದೆ.

ಕೊನೆಗೆ ನಿಂಬೆಹಣ್ಣು. ನಾನು ಮೊದಲ ಸಲ ಹೋದಾಗ ಒಂದು ಅಂಗಳದಲ್ಲಿ ಕಡು ಹಸಿರಿನ ಕಲ್ಲೊಂದು ತುಂಬ ಹಿಡಿಸಿತ್ತು. ಗ್ರಾನೈಟ್ ಎಂದೇ ಹೇಳಿದ್ದರು. ಚೀಲದಿಂದ ನಿಂಬೆಹಣ್ಣು ತೆಗೆದದ್ದೇ ತಡ, ಮಾರುವವರು ಹತ್ತಿರ ಬಂದು, “ಅಮ್ಮ, ಅದರ ಮೇಲೆ ಹಿಂಡಬೇಡಿ, ಪಾಲಿಶ್ ಹೋಗುತ್ತದೆ” ಎಂದರು. ನನಗೆ ಬೇಕಾಗಿದ್ದ ಉತ್ತರ ಅದರಲ್ಲೇ ಸಿಕ್ಕಿತು. ಪಕ್ಕದ ಕಲ್ಲಿನ ಮೇಲೆ ಹಿಂಡಲು ಅವರೇನೂ ಅಡ್ಡಿ ಮಾಡಲಿಲ್ಲ. ಹತ್ತು ನಿಮಿಷದ ನಂತರ ಒರೆಸಿದರೆ ಗ್ರಾನೈಟಿನ ಮೇಲೆ ಗುರುತೇ ಇರುವುದಿಲ್ಲ, ಸುಣ್ಣದ ಕಲ್ಲಿನ ಮೇಲೆ ಮಂಕಾದ ವೃತ್ತ ಉಳಿಯುತ್ತದೆ. ಮಾರುವವರನ್ನು ಕೇಳಿ, ಮಾದರಿಯ ತುಂಡಿನ ಮೇಲೆ ಅಥವಾ ಹಲಗೆಯ ಕೊಯ್ದುಹೋಗುವ ಮೂಲೆಯಲ್ಲಿ ಈ ಪರೀಕ್ಷೆ ಮಾಡಿ. ಅವರ ಸರಕು ಕೆಡಬಾರದು.

ಅಳತೆ ಮತ್ತು ಲೆಕ್ಕ

ಕಟ್ಟೆಯ ಅಗಲ ಸಾಮಾನ್ಯವಾಗಿ 2 ಅಡಿ. ಒಂದು ಗೋಡೆಗೆ 10 ಅಡಿ, ಇನ್ನೊಂದಕ್ಕೆ 7 ಅಡಿ ಇರುವ ಎಲ್ ಆಕಾರದ ಕಟ್ಟೆಯನ್ನು ತೆಗೆದುಕೊಳ್ಳೋಣ. ಮೂಲೆಯನ್ನು ಎರಡು ಸಲ ಎಣಿಸಬಾರದು, ಹಾಗಾಗಿ 10ನ್ನು 2ರಿಂದ ಗುಣಿಸಿ 20, ಉಳಿದ 5ನ್ನು 2ರಿಂದ ಗುಣಿಸಿ 10, ಒಟ್ಟು 30 ಚದರ ಅಡಿ. ಮುಂದಿನ ಅಂಚನ್ನು ದಪ್ಪವಾಗಿ ತೋರಿಸಲು ಕೆಳಗೆ ಅಂಟಿಸುವ ಪಟ್ಟಿಗೆ ಸುಮಾರು 2 ಚದರ ಅಡಿ. ಗೋಡೆಗೆ 4 ಅಂಗುಲದ ಪಟ್ಟಿ ನಿಲ್ಲಿಸುವುದಾದರೆ ಸುಮಾರು 6. ಒಟ್ಟು 38, ಕೊಯ್ಯುವಾಗ ವ್ಯರ್ಥವಾಗುವುದಕ್ಕೆ ಶೇಕಡ 10 ಸೇರಿಸಿದರೆ 42 ಚದರ ಅಡಿ. ಇದಕ್ಕಿಂತ ತೀರಾ ಹೆಚ್ಚು ಯಾರಾದರೂ ಹೇಳಿದರೆ ಕಾಗದದ ಮೇಲೆ ಬರೆದು ತೋರಿಸಲು ಕೇಳಿ.

ಹಲಗೆಗಳಲ್ಲಿ ಎರಡು ಬಗೆ. ಗ್ಯಾಂಗ್‌ಸಾ ಹಲಗೆ ದೊಡ್ಡದು, ಒಂಬತ್ತು ಹತ್ತು ಅಡಿ ಉದ್ದ, ಐದಾರು ಅಡಿ ಅಗಲ. ಕಟ್ಟರ್ ಹಲಗೆ ಎರಡೂವರೆ ಅಡಿಯ ಆಸುಪಾಸಿನ ಅಗಲದ್ದು, ಬೆಲೆಯೂ ಕಡಿಮೆ. ಎರಡು ಅಡಿಯ ಅಡುಗೆ ಕಟ್ಟೆಗೆ ಕಟ್ಟರ್ ಹಲಗೆಯೇ ಹೊಂದುತ್ತದೆ, ವ್ಯರ್ಥವೂ ಕಡಿಮೆ. ಉದ್ದ ಸಾಲದೆ ಒಂದು ಜೋಡಣೆ ಹೆಚ್ಚಾದೀತು, ಅಷ್ಟೇ. ಮೂಲೆ ಮುರಿದಿದ್ದರೆ ಆ ಭಾಗವನ್ನು ಬಿಟ್ಟು ಅಳೆಯಬೇಕು. ಟೇಪು ನಿಮ್ಮ ಕೈಯಲ್ಲಿದ್ದರೆ ಈ ಮಾತು ತಾನಾಗಿಯೇ ಇತ್ಯರ್ಥವಾಗುತ್ತದೆ. ದಪ್ಪವನ್ನೂ ಅಳೆಯಿರಿ. 18 ಮಿಲಿಮೀಟರ್ ಎಂದು ಹೇಳಿ 15 ಕೊಡುವುದುಂಟು.

ಚದರ ಅಡಿಯ ಬೆಲೆಯೊಂದನ್ನೇ ಕೇಳಿ ಹಿಂದಿರುಗಬೇಡಿ. ಸಾಗಣೆ, ಹೇರುವ ಇಳಿಸುವ ಕೂಲಿ, ಅಂಚು ಮೋಲ್ಡಿಂಗ್ ಮಾಡುವುದಕ್ಕೆ ಅಡಿಗಿಷ್ಟು, ಸಿಂಕಿನ ರಂಧ್ರಕ್ಕಿಷ್ಟು, ಒಲೆಯ ಪೈಪಿನ ರಂಧ್ರಕ್ಕಿಷ್ಟು, ಕೂರಿಸುವ ಕೂಲಿ, ತೆರಿಗೆ, ಎಲ್ಲ ಸೇರಿದರೆ ಅಗ್ಗದ ಕಲ್ಲಿನ ವಿಷಯದಲ್ಲಿ ಕೆಲಸದ ಖರ್ಚು ಕಲ್ಲಿನ ಬೆಲೆಯನ್ನೇ ಮುಟ್ಟುತ್ತದೆ. ಆದ್ದರಿಂದ ಚದರ ಅಡಿಗೆ ಸ್ವಲ್ಪ ಉಳಿಸಲು ಇಷ್ಟವಿಲ್ಲದ ಕಲ್ಲನ್ನು ತರುವುದರಲ್ಲಿ ಹುರುಳಿಲ್ಲ.

ಕೂರಿಸುವ ದಿನ

ಒಂದು ಚದರ ಅಡಿ ಗ್ರಾನೈಟ್, 18 ಮಿಲಿಮೀಟರ್ ದಪ್ಪದ್ದು, ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. ಎಂಟು ಅಡಿ ಉದ್ದದ ಒಂದು ಹಲಗೆಯೇ ಎಪ್ಪತ್ತು ಕಿಲೋ ದಾಟುತ್ತದೆ. ಕೆಳಗಿನ ಆಧಾರ ಸಮಮಟ್ಟವಾಗಿ ಇರಬೇಕು. ಒಂದು ಕಡೆ ತಗ್ಗಿದ್ದರೆ ಮುಂದೊಂದು ದಿನ ಅಲ್ಲೇ ಬಿರುಕು ಬಿಡುತ್ತದೆ. ಇಟ್ಟಿಗೆ ಗೋಡೆಗಳ ಮೇಲೆ ಕಡಪ ಹಾಸಿ, ಅದರ ಮೇಲೆ ಗ್ರಾನೈಟ್ ಕೂರಿಸುವ ಹಳೆಯ ಕ್ರಮ ಇವತ್ತಿಗೂ ಗಟ್ಟಿ. ತಿಳಿಬಣ್ಣದ ಕಲ್ಲನ್ನು ನೀರಾದ ಸಿಮೆಂಟ್ ಗಾರೆಯ ಮೇಲೆ ಕೂರಿಸಿದರೆ ತೇವ ಕೆಳಗಿನಿಂದ ಏರಿ ಮೇಲೆ ಕಪ್ಪು ಮಚ್ಚೆಯಾಗಿ ಕಾಣುತ್ತದೆ, ಅದಕ್ಕೆ ಕಲ್ಲಿನ ಅಂಟನ್ನೇ ಬಳಸಲು ಹೇಳಿ.

ಜೋಡಣೆ ಸಿಂಕಿನ ಮೇಲೂ ಒಲೆಯ ಕೆಳಗೂ ಬರಬಾರದು. ಸಿಂಕಿನ ರಂಧ್ರದ ಒಳಮೂಲೆಗಳು ದುಂಡಗಿರಲಿ. ಚೂಪಾದ ಮೂಲೆಯಿಂದಲೇ ಬಿರುಕು ಹೊರಡುವುದು. ಸಿಂಕಿನ ಮುಂದೆ ಉಳಿಯುವ ಕಲ್ಲಿನ ಪಟ್ಟಿ ಕೇವಲ ಎರಡು ಮೂರು ಅಂಗುಲದ್ದು, ರಂಧ್ರ ಕೊರೆದ ಹಲಗೆಯನ್ನು ಹೊತ್ತು ತರುವಾಗ ಅದು ಮುರಿಯುವುದು ಸಾಮಾನ್ಯ. ಕೊರೆದು ತರುವುದಾದರೆ ಹಲಗೆಯನ್ನು ನಿಲ್ಲಿಸಿಯೇ ತರಬೇಕು, ಮಲಗಿಸಿ ಅಲ್ಲ.

ಮುಂದಿನ ಅಂಚಿನ ಕೆಳಗೆ, ಹೊರಗಿನಿಂದ ಅರ್ಧ ಅಂಗುಲ ಒಳಗೆ, ಉದ್ದಕ್ಕೂ ಒಂದು ಗೀರು ಕೊರೆಸಿ. ಕಟ್ಟೆಯ ಮೇಲೆ ಚೆಲ್ಲಿದ ನೀರು ಅಂಚಿನಿಂದ ಇಳಿದು, ಕಲ್ಲಿನ ಅಡಿಗೆ ಅಂಟಿಕೊಂಡು ಒಳಗೆ ಹರಿದು ಕಪಾಟಿನ ಪ್ಲೈವುಡ್ಡನ್ನು ಕೊಳೆಸುತ್ತದೆ. ಗೀರಿದ್ದರೆ ಅಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಕಿಟಕಿಯ ಸಜ್ಜಾದ ಕೆಳಗೆ ಇದೇ ಗೀರು ಇರುತ್ತದೆ, ಅಡುಗೆ ಕಟ್ಟೆಗೆ ಬಂದಾಗ ಯಾರಿಗೂ ನೆನಪಾಗುವುದಿಲ್ಲ.

ಇನ್ನೊಂದು ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ನಮ್ಮ ಮನೆಯಲ್ಲಿ ಕಲ್ಲು ಕೊಯ್ಯಲು ಬಂದಿದ್ದ ಹುಡುಗನಿಗೆ ಇಪ್ಪತ್ತು ದಾಟಿರಲಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕೈಯಲ್ಲಿ ಕಟ್ಟರ್ ಹಿಡಿದು, ಒಣಕಲ್ಲನ್ನೇ ಕೊಯ್ಯುತ್ತಿದ್ದ. ಹತ್ತು ನಿಮಿಷದಲ್ಲಿ ಕೋಣೆ ಮಂಜು ಕವಿದಂತಾಯಿತು. ಹೊರಗೆ ಬಂದಾಗ ಅವನ ರೆಪ್ಪೆಯ ಕೂದಲೆಲ್ಲ ಮುದುಕರದರಂತೆ ಬೆಳ್ಳಗಾಗಿದ್ದವು. ಆ ಪುಡಿಯಲ್ಲಿರುವುದು ಸಿಲಿಕಾ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಗುರುತು ಮೂಡಿಸುತ್ತವೆ. ಸಿಲಿಕೋಸಿಸ್ ಎಂಬ ಆ ಕಾಯಿಲೆ ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಕರವಸ್ತ್ರ ಆ ಕಣಗಳನ್ನು ತಡೆಯುವುದಿಲ್ಲ. ಅಮೃತಶಿಲೆಯಲ್ಲಿ ಸಿಲಿಕಾ ಅತ್ಯಲ್ಪ, ಗ್ರಾನೈಟಿನಲ್ಲಿ ಮೂರನೇ ಒಂದರಷ್ಟು ಇರುವುದುಂಟು, ಕ್ವಾರ್ಟ್ಜ್ ಹಲಗೆಯಲ್ಲಿ ಶೇಕಡ 90ರ ಆಸುಪಾಸು. ಕ್ವಾರ್ಟ್ಜ್ ಕೊಯ್ಯುವ ಕೆಲಸಗಾರರು ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆಗೆ ಬೀಳುತ್ತಿರುವುದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಹಲಗೆಗಳ ತಯಾರಿಕೆ ಮತ್ತು ಬಳಕೆಯನ್ನೇ ನಿಷೇಧಿಸಿತು.

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಸಾಧ್ಯವಾದಷ್ಟು ಕೊಯ್ತವನ್ನು ಕಾರ್ಖಾನೆಯಲ್ಲೇ, ನೀರು ಹಾಯಿಸುವ ಯಂತ್ರದಲ್ಲಿ ಮಾಡಿಸಿ. ಮನೆಯಲ್ಲಿ ಕೊಯ್ಯಲೇಬೇಕಾದರೆ ಹೊರಗೆ ಅಂಗಳದಲ್ಲಿ, ಒಬ್ಬರು ಬ್ಲೇಡಿನ ಮೇಲೆ ನಿಲ್ಲದಂತೆ ನೀರು ಸುರಿಯುತ್ತಿರಲಿ. ವಿದ್ಯುತ್ ಯಂತ್ರದ ಹತ್ತಿರ ನೀರು ಬರುವುದರಿಂದ ತಂತಿ, ಪ್ಲಗ್ ಸರಿಯಿವೆಯೇ ನೋಡಿಕೊಳ್ಳಿ, ಲೈನಿಗೆ ಇಎಲ್‌ಸಿಬಿ, ಅಂದರೆ ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ ಸಾಧನ, ಇದ್ದರೆ ಒಳ್ಳೆಯದು. ಎನ್95 ಮಾಸ್ಕುಗಳ ಒಂದು ಕಟ್ಟು ತಂದಿಟ್ಟು ಕೈಗೆ ಕೊಡಿ. “ಇದೆಲ್ಲ ಬೇಡಮ್ಮ, ಅಭ್ಯಾಸವಾಗಿದೆ” ಎನ್ನುತ್ತಾರೆ. ಬಿಡಬೇಡಿ. ನಾನು ಮೊದಲ ಹತ್ತು ನಿಮಿಷ ಸುಮ್ಮನೆ ನೋಡುತ್ತ ನಿಂತಿದ್ದೆ, ಆ ಹತ್ತು ನಿಮಿಷದ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ.

ಬಚ್ಚಲುಮನೆಯ ಲೆಕ್ಕ ಬೇರೆ

ಬಚ್ಚಲಲ್ಲಿ ಬಾಣಲೆಯಿಲ್ಲ, ಹುಣಸೆಯಿಲ್ಲ. ಆದ್ದರಿಂದ ಅಡುಗೆಮನೆಗೆ ಬೇಡವೆಂದ ಕ್ವಾರ್ಟ್ಜ್ ಇಲ್ಲಿ ಒಳ್ಳೆಯ ಆಯ್ಕೆ. ಅಮೃತಶಿಲೆಯ ಆಸೆಯನ್ನೂ ಇಲ್ಲಿ ತೀರಿಸಿಕೊಳ್ಳಬಹುದು, ಒಂದು ಷರತ್ತಿನ ಮೇಲೆ. ಬಚ್ಚಲು ತೊಳೆಯುವ ಆಸಿಡ್ ಅದರ ಹತ್ತಿರ ಸುಳಿಯಬಾರದು. ಅಡುಗೆ ಕಟ್ಟೆಯಲ್ಲಿ ಉಳಿದ ತುಂಡಿನಲ್ಲೇ ಬೇಸಿನ್ನಿನ ಕಟ್ಟೆಯಾಗುತ್ತದೆಯೇ ಎಂದು ಮೊದಲು ನೋಡಿ, ಮೂರು ಅಡಿ ಉದ್ದದ ತುಂಡು ಎಷ್ಟೋ ಸಲ ಸಾಕಾಗುತ್ತದೆ.

ಇಲ್ಲಿ ತಪ್ಪುವುದು ಹೆಚ್ಚಾಗಿ ಎತ್ತರದಲ್ಲಿ. ಕಟ್ಟೆಯ ಮೇಲೆ ಬಟ್ಟಲಿನಂತೆ ಕೂರುವ ಬೇಸಿನ್ ತಂದರೆ ಅದರದೇ ಐದಾರು ಅಂಗುಲ ಎತ್ತರವಿರುತ್ತದೆ. ಕಟ್ಟೆಯನ್ನು 32ಕ್ಕೆ ಮಾಡಿಸಿ ಮೇಲೆ ಬಟ್ಟಲು ಇಟ್ಟರೆ ಮಕ್ಕಳಿಗೆ ಕೈ ಎಟುಕುವುದಿಲ್ಲ, ಮುಖ ತೊಳೆದರೆ ನೀರು ಮೊಣಕೈಗೆ ಇಳಿಯುತ್ತದೆ. ಬೇಸಿನ್ನಿನ ಮೇಲಂಚು 32, 33 ಅಂಗುಲಕ್ಕೆ ಬರುವಂತೆ ಕಟ್ಟೆಯನ್ನು ಇಳಿಸಿ. ಬೇಸಿನ್ ಕೊಳ್ಳದೆ ಕಟ್ಟೆ ಕಟ್ಟಿಸಬೇಡಿ.

ಕೂರಿಸಿದ ಮೇಲೆ

ಮನೆ ಮುಗಿದ ಮೇಲೆ ಟೈಲ್ಸಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಹಾಕಿ ತೊಳೆಯುವ ಒಂದು ದಿನ ಬರುತ್ತದೆ. ಗೃಹಪ್ರವೇಶದ ಅವಸರದಲ್ಲಿ ಯಾರೂ ಎದುರಿಗಿರುವುದಿಲ್ಲ. ಕಡಪ, ಅಮೃತಶಿಲೆಯಾದರೆ ಅದೊಂದೇ ದಿನ ಅದರ ಹೊಳಪು ಮುಗಿಯುತ್ತದೆ. ಗ್ರಾನೈಟಿಗೂ ಅದು ಒಳ್ಳೆಯದಲ್ಲ, ಸಿಂಕ್, ನಲ್ಲಿಯ ಲೋಹ ಕಪ್ಪಾಗುವುದು ಬೇರೆ. ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪು ಹಚ್ಚಿಸಿ, ಆ ದಿನ ನೀವೇ ಅಲ್ಲಿರಿ.

ದಿನದ ಆರೈಕೆಗೆ ಪಾತ್ರೆ ತೊಳೆಯುವ ಸೋಪಿನ ನೀರು, ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ ಸಾಕು. ಬೋರ್‌ವೆಲ್ ಮನೆಯವರಿಗೆ ಆ ಒಣಬಟ್ಟೆಯೇ ಮುಖ್ಯ. ರಾತ್ರಿ ಮಲಗುವ ಮುಂಚೆ ನಲ್ಲಿಯ ಸುತ್ತ ಒರೆಸಿದರೆ ಬಿಳಿ ಉಪ್ಪು ಕಟ್ಟುವುದೇ ಇಲ್ಲ. ತಿಳಿಗಲ್ಲಿಗೆ ಎಣ್ಣೆ ಇಳಿದಿದ್ದರೆ ಅಡುಗೆ ಸೋಡವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ಕಾಲು ಅಂಗುಲ ದಪ್ಪ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಿಸಿ ಕೆರೆದರೆ ಎಣ್ಣೆ ಸೋಡದ ಜೊತೆ ಮೇಲೆ ಬಂದಿರುತ್ತದೆ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಅರಿಶಿನದ ಕಲೆ ಬಿಸಿಲು ಬೀಳುವ ಕಡೆಯಿದ್ದರೆ ತಾನಾಗಿಯೇ ಮಾಸುತ್ತದೆ.

ಸಿಂಕಿಗಾಗಿ ಕೊಯ್ದ ತುಂಡನ್ನು ಕೇಳಿ ಇಟ್ಟುಕೊಳ್ಳಿ, ಅದಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ. ಅಂಚು ಉಜ್ಜಿಸಿದರೆ ಚಪಾತಿ ಲಟ್ಟಿಸಲು ಅದರಷ್ಟು ತಣ್ಣಗಿನ, ನುಣುಪಾದ ಮಣೆ ಬೇರೆ ಸಿಗುವುದಿಲ್ಲ. ಅದರಲ್ಲೇ ಅಂಗೈ ಅಗಲದ ಒಂದು ತುಂಡನ್ನು ಬೇರೆ ಮಾಡಿಸಿ ಸಿಂಕಿನ ಕೆಳಗಿಡಿ. ಯಾರಾದರೂ ಹೊಸ ದ್ರವವೊಂದನ್ನು ತಂದು ಇದರಿಂದ ತೊಳೆದರೆ ಕಲ್ಲು ಕನ್ನಡಿಯಾಗುತ್ತದೆ ಎಂದಾಗ ಮೊದಲು ಆ ತುಂಡಿನ ಮೇಲೆ ಹಾಕಿ, ಮಾರನೆಯ ಬೆಳಗ್ಗೆ ನೋಡಿ.